ಅಪ್ರಸ್ತುತ ಪ್ರಸಂಗದ ನಡುವೆ ಓದು

ಪ್ರಶ್ನೆ: ಡಿಗ್ರಿ ಮುಗಿಸಿ ಮನ್ಯಾಗೇ ಕುಂತು ಸ್ಪರ್ಧಾತ್ಮಕ ಪರೀಕ್ಷಾಕ್ಕ ತಯಾರಿ ಮಾಡ್ಲಾಕತ್ತೀನಿ. ಓದ್ಲಾಕ ಕುಂತ್ರ ಹತ್ತು ಮಿಂಟದಾಗ ಮನಸ್ಸು ಎಲ್ಲೆಲ್ಲೋ ಹೋಗ್ತದ. ಒಂದೇ ಕೆಲಸದಾಗ ನಿಲ್ಲೂ ಹಂಗ ಅದನ್ನ ಪಳಗಿಸ್ಲಾಕ ಆಗ್ತದೇನು? ಏಕಾಗ್ರತೆ ಹೆಚ್ಚು ಮಾಡೋ ಆ್ಯಪ್ ಬಂದಾವಂತ, ರೊಕ್ಕ ಕೊಟ್ಟು ತಗೋಬೇಕೇನು?
— ಒಬ್ಬ ಓದುಗ, ಮಣ್ಣೂರ, ಅಫಜಲಪುರ ತಾಲೂಕು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಬೇಡ, ರೊಕ್ಕ ಉಳಿಸಿಕೊಳ್ಳಿ. ಮೆದುಳಿಗೆ ಕಸರತ್ತು ಮಾಡಿಸುತ್ತೇವೆಂದು ಹೆಸರು ಮಾಡಿದ್ದ ಲುಮಾಸಿಟಿ ಎಂಬ ಆ್ಯಪಿನ ಕಂಪನಿ 2016ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ 20 ಲಕ್ಷ ಡಾಲರ್ ಕಟ್ಟಿ ವ್ಯಾಜ್ಯ ಮುಗಿಸಿಕೊಂಡಿತು. ಈ ಆಟ ಆಡಿದರೆ ಶಾಲೆಯಲ್ಲೂ ಕೆಲಸದಲ್ಲೂ ಚುರುಕಾಗುತ್ತೀರಿ ಎಂದು ಜಾಹೀರಾತು ಕೊಟ್ಟಿದ್ದರು, ಅದಕ್ಕೆ ಆಧಾರವಿಲ್ಲ ಎಂಬುದು ಕಮಿಷನ್ನಿನ ದೂರು. ಇಂಥ ಆಟ ಆಡಿದವರು ಆ ಆಟದಲ್ಲೇ ಜಾಣರಾಗುತ್ತಾರೆ. ಆ ಜಾಣತನ ಭಾರತದ ಸಂವಿಧಾನ ಓದುವಾಗ ಕೈಹಿಡಿಯುವುದು ಅಪರೂಪ. ನಿಮಗೆ ಬೇಕಾದದ್ದು ಪುಸ್ತಕದ ಮೇಲಿನ ಗಮನವಾದರೆ ಅದನ್ನು ಪುಸ್ತಕದ ಮೇಲೇ ರೂಢಿಸಬೇಕು.

ಇನ್ನು ಮುಖ್ಯ ಪ್ರಶ್ನೆ. ಪಳಗಿಸಬಹುದು. ಆದರೆ ನೀವು ಬಯಸುತ್ತಿರುವುದು, ಅಂದರೆ ಕದಲದೆ ನಿಂತೇ ಇರುವ ಮನಸ್ಸು, ಯಾರಿಗೂ ಸಿಕ್ಕ ಹಾಗಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರ ತನ್ನ ದೊಡ್ಡ ಗ್ರಂಥದಲ್ಲಿಯೇ ಇದನ್ನು ಹೇಳಿದ್ದ. ಬೇಕೆಂದು ಇಟ್ಟ ಗಮನ ಒಂದೇಟಿಗೆ ಕೆಲವು ಸೆಕೆಂಡು ಮಾತ್ರ ನಿಲ್ಲುತ್ತದೆ. ಅದನ್ನು ಮತ್ತೆ ಮತ್ತೆ ಎಳೆತರುವುದೇ ಏಕಾಗ್ರತೆಯಂತೆ ಕಾಣುತ್ತದೆ ಎಂಬುದು ಅವನ ವಾದ. ಹತ್ತು ನಿಮಿಷಕ್ಕೊಮ್ಮೆ ಮನಸ್ಸು ಹೋಗುವುದು ರೋಗವಲ್ಲ. ಹೋದದ್ದು ನಿಮಗೆ ಗೊತ್ತಾಗುವುದೇ ಅರ್ಧ ಗಂಟೆಯ ಮೇಲೆ ಎಂದಾದರೆ ಕೆಲಸ ಇರುವುದು ಅಲ್ಲಿ.

ಗಮನವನ್ನು ಹೀಗೆ ಎಳೆತರುವುದನ್ನು ಸಾರ್ವಜನಿಕ ಕಲೆಯಾಗಿಯೇ ಬೆಳೆಸಿದ ಪರಂಪರೆ ನಮ್ಮಲ್ಲಿದೆ. ಅದು ಅವಧಾನ. ತೆಲುಗರಲ್ಲಿ ಬಹಳ ಬೆಳೆದ ಈ ಕಲೆಗೆ ಕನ್ನಡದಲ್ಲಿ ನಮ್ಮ ಕಾಲದಲ್ಲಿ ಮರುಜೀವ ಕೊಟ್ಟವರು ಶತಾವಧಾನಿ ಆರ್. ಗಣೇಶ್. ಕೋಲಾರದಲ್ಲಿ ಹುಟ್ಟಿ, ಎಂಜಿನಿಯರಿಂಗ್ ಓದಿ, ಸಾವಿರಕ್ಕೂ ಹೆಚ್ಚು ಅಷ್ಟಾವಧಾನ ಮಾಡಿದವರು. 2012ರ ಕೊನೆಯಲ್ಲಿ ಬೆಂಗಳೂರಿನಲ್ಲಿ ಮೂರು ದಿನ ಅವರು ನಡೆಸಿದ ಶತಾವಧಾನ ಪೂರ್ತಿ ಕನ್ನಡದ್ದು. ಅಂತರ್ಜಾಲದಲ್ಲಿ ಅವರ ಅವಧಾನಗಳು ನೋಡಲು ಸಿಗುತ್ತವೆ. ಒಮ್ಮೆ ಕೂತು ನೋಡಿ. ಈ ಒಂದು ಕೆಲಸಕ್ಕೆ ಫೋನು ಕೈಯಲ್ಲಿರಲಿ.

ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು, ಅಂದರೆ ಪ್ರಶ್ನೆ ಹಾಕುವವರು, ಸುತ್ತ ಕೂತಿರುತ್ತಾರೆ. ಒಬ್ಬರು ನಾಲ್ಕು ಪದ ಕೊಟ್ಟು ಪದ್ಯದಲ್ಲಿ ಸಾಲಿಗೊಂದರಂತೆ ಸೇರಿಸಿ ಎನ್ನುತ್ತಾರೆ, ಅದು ದತ್ತಪದಿ. ಒಬ್ಬರು ಒಗಟಿನಂಥ ಕೊನೆಯ ಸಾಲು ಕೊಟ್ಟು ಉಳಿದದ್ದನ್ನು ತುಂಬಿಸಿ ಎನ್ನುತ್ತಾರೆ, ಅದು ಸಮಸ್ಯಾಪೂರಣ. ನಿಷೇಧಾಕ್ಷರಿಯವರು ಇನ್ನೂ ಕಠಿಣ. ಅವಧಾನಿ ಒಂದು ಅಕ್ಷರ ಹೇಳಿದೊಡನೆ ಮುಂದೆ ಇಂಥ ಅಕ್ಷರ ಬರಕೂಡದು ಎಂದು ತಡೆಯುತ್ತಾರೆ. ಸಂಖ್ಯಾಬಂಧದವರು ನಡುನಡುವೆ ಚೌಕದ ಯಾವುದೋ ಮನೆಯ ಅಂಕಿ ಕೇಳುತ್ತಾರೆ. ಕೊನೆಗೆ ಸಾಲು ಸಾಲಿಗೂ ಒಂದೇ ಮೊತ್ತ ಬರಬೇಕು. ಅವಧಾನಿಯ ಕೈಯಲ್ಲಿ ಪೆನ್ನೂ ಇಲ್ಲ, ಕಾಗದವೂ ಇಲ್ಲ. ಇಷ್ಟು ಸಾಲದೆಂಬಂತೆ ಅಪ್ರಸ್ತುತ ಪ್ರಸಂಗಕ್ಕೆಂದೇ ಒಬ್ಬರು ಕೂತಿರುತ್ತಾರೆ. ಸಂಬಂಧವಿಲ್ಲದ ಪ್ರಶ್ನೆ ಎಸೆದು ಗಮನ ಕೆಡಿಸುವುದೇ ಅವರ ಕೆಲಸ. ಸಭೆ ಹೆಚ್ಚು ನಗುವುದು ಅವರ ಮಾತಿಗೇ. ಅವಧಾನಿ ಅವರ ಮೇಲೆ ಸಿಟ್ಟಾಗುವಂತಿಲ್ಲ, ಕೇಳಿಸಲಿಲ್ಲವೆನ್ನುವಂತೆಯೂ ಇಲ್ಲ. ಚುಟುಕಾಗಿ, ಸಾಧ್ಯವಾದರೆ ನಗೆ ಉಕ್ಕಿಸುವಂತೆ, ಉತ್ತರ ಕೊಟ್ಟು ಬಿಟ್ಟ ಅಕ್ಷರಕ್ಕೇ ಮರಳಬೇಕು.

ಇದನ್ನು ಏಕಕಾಲಕ್ಕೆ ಎಂಟು ಕೆಲಸವೆಂದು ಹೊಗಳುವುದುಂಟು. ನನಗೆ ಹಾಗೆ ಕಾಣುವುದಿಲ್ಲ. ಒಂದು ಸುತ್ತಿನಲ್ಲಿ ಒಬ್ಬರಿಗೆ ಒಂದು ಸಾಲು ಹೇಳಿ ಮುಗಿಸಿ ಮುಂದಿನವರ ಕಡೆ ತಿರುಗುವುದು, ನಾಲ್ಕು ಸುತ್ತಿಗೆ ಪದ್ಯ ಪೂರ್ತಿಯಾಗುವುದು, ಕೊನೆಗೆ ಎಲ್ಲವನ್ನೂ ಧಾರಣೆಯಲ್ಲಿ, ಅಂದರೆ ನೆನಪಿನಿಂದಲೇ, ಒಪ್ಪಿಸುವುದು: ಕ್ರಮ ಇದು. ಯಾವ ಕ್ಷಣದಲ್ಲೂ ಕೈಯಲ್ಲಿರುವುದು ಒಂದೇ ಸಾಲು. ಅದು ಎಲ್ಲಿಗೆ ನಿಂತಿದೆ ಎಂಬ ಗುರುತು ಖಚಿತವಾಗಿರುವುದರಿಂದಲೇ ಅದನ್ನು ಬಿಟ್ಟು ಹೋಗುವ ಧೈರ್ಯವೂ ಇರುತ್ತದೆ.

ಈ ಗುರುತಿನ ವಿಷಯಕ್ಕೆ ಮನಶ್ಶಾಸ್ತ್ರದ ಬೆಂಬಲವಿದೆ. ಅರ್ಧಕ್ಕೆ ಬಿಟ್ಟ ಕೆಲಸದ ಶೇಷ ಮನಸ್ಸಿನಲ್ಲಿ ಉಳಿದು ಮುಂದಿನ ಕೆಲಸವನ್ನು ಕೆಡಿಸುತ್ತದೆಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಸಂಶೋಧಕರು 2011ರಲ್ಲಿ ಕಂಡದ್ದು ಇನ್ನೂ ಉಪಯೋಗದ್ದು. ಕೆಲಸ ಮುಗಿಯದಿದ್ದರೂ ಅಡ್ಡಿಯಿಲ್ಲ, ಅದನ್ನು ಯಾವಾಗ, ಹೇಗೆ ಮುಗಿಸುವುದೆಂದು ನಿಶ್ಚಯಿಸಿದರೆ ಸಾಕು, ಅದು ಬಂದು ಬಂದು ಕಾಡುವುದು ನಿಲ್ಲುತ್ತದೆ. ಹಾಗಾಗಿ ಓದುವಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ. ‘ತೊಗರಿಗೆ ಎಣ್ಣೆ ಹೊಡೆಯಬೇಕು’ ಎಂದು ನೆನಪಾಯಿತೆ? ‘ನಾಳೆ ಬೆಳಿಗ್ಗೆ’ ಎಂದು ಸೇರಿಸಿ ಬರೆದಿಟ್ಟು ಪುಸ್ತಕಕ್ಕೆ ಬನ್ನಿ. ಯಾರೋ ಕರೆದು ಏಳಬೇಕಾದರೆ, ಏಳುವ ಮೊದಲು ಎಲ್ಲಿಗೆ ನಿಲ್ಲಿಸಿದಿರಿ, ಬಂದಮೇಲೆ ಎಲ್ಲಿಂದ ಶುರು ಎಂದು ಒಂದು ಸಾಲು ಗೀಚಿ ಏಳಿ. ನಾವು ಅವಧಾನಿಗಳಲ್ಲ, ನಮಗೆ ಕಾಗದದ ಅನುಮತಿ ಇದೆ.

ನಿಮ್ಮ ಭೀಮಾ ದಂಡೆಯ ಕಡೆ ಎತ್ತಿನ ಕೂರಿಗೆಯಲ್ಲಿ ಬಿತ್ತಿದವರನ್ನು ಕೇಳಿ ನೋಡಿ. ಉಡಿಯಲ್ಲಿ ಕಾಳು ಕಟ್ಟಿಕೊಂಡು ಬಟ್ಟಲಿಗೆ ಸಮನಾಗಿ ಬಿಡುತ್ತ ಹೊಲದ ಈ ತುದಿಯಿಂದ ಆ ತುದಿಗೆ ನಡೆಯುವ ಹೆಂಗಸಿಗೆ ಏಕಾಗ್ರತೆಯ ಪಾಠ ಯಾರೂ ಹೇಳಿರುವುದಿಲ್ಲ. ಕೈ ತಪ್ಪಿದರೆ ಮೊಳಕೆ ಬಂದಾಗ ಸಾಲಿನಲ್ಲಿ ಜಾಗ ಬಿಟ್ಟಿರುತ್ತದೆ, ಇಡೀ ಊರು ನೋಡುತ್ತದೆ. ಅಲ್ಲಿ ಕೈಗೆ ಕೆಲಸವಿದೆ, ಎದುರಿಗೆ ಸಾಲಿದೆ, ಸಾಲಿಗೆ ಕೊನೆಯಿದೆ. ಸುಮ್ಮನೆ ಕಣ್ಣಾಡಿಸುವ ಓದಿನಲ್ಲಿ ಈ ಮೂರೂ ಇಲ್ಲ. ‘ಇವತ್ತು ಇತಿಹಾಸ ಓದುತ್ತೇನೆ’ ಎಂದು ಕೂತರೆ ಮನಸ್ಸಿಗೆ ನಿಲ್ಲಲು ನೆಲೆಯೇ ಇರುವುದಿಲ್ಲ. ‘ಬಹಮನಿಗಳು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಏಕೆ ಒಯ್ದರು?’ ಎಂಬ ಪ್ರಶ್ನೆಯನ್ನು ಮೇಲೆ ಬರೆದುಕೊಂಡು, ಪೆನ್ಸಿಲ್ ಹಿಡಿದು ಓದಿ. ಮುಗಿದಮೇಲೆ ಪುಸ್ತಕ ಮುಚ್ಚಿ ಉತ್ತರ ಬರೆಯಿರಿ. ಮನಸ್ಸು ಎಲ್ಲಿ ಕೈಕೊಟ್ಟಿತ್ತೆಂದು ಆ ಉತ್ತರದಲ್ಲೇ ಕಾಣುತ್ತದೆ.

ಒಂದೇಟಿಗೆ ಎಷ್ಟು ಹೊತ್ತು ಓದಬೇಕು? ರಡಾರ್ ಕಾಯುವ ಸೈನಿಕರ ಗಮನ ಜಾರುವ ತೊಂದರೆಯನ್ನು ಅಳೆಯಲು ಇಂಗ್ಲೆಂಡಿನ ನಾರ್ಮನ್ ಮ್ಯಾಕ್‌ವರ್ತ್ ಒಂದು ಗಡಿಯಾರ ಮಾಡಿದ್ದ. ಅದರ ಮುಳ್ಳು ಯಾವಾಗಲೋ ಒಮ್ಮೆ ಎರಡು ಹೆಜ್ಜೆ ಜಿಗಿಯುತ್ತಿತ್ತು, ನೋಡುವವರು ಅದನ್ನು ಹಿಡಿಯಬೇಕು. ಎರಡು ಗಂಟೆಯ ಕಾವಲಿನಲ್ಲಿ ಮೊದಲ ಅರ್ಧ ಗಂಟೆ ಕಳೆಯುತ್ತಲೇ ಜನ ತಪ್ಪತೊಡಗಿದರೆಂದು ಅವನು 1948ರಲ್ಲಿ ಬರೆದ. ಪರೀಕ್ಷೆಯ ಓದು ಅಷ್ಟು ಬೇಸರದ್ದಲ್ಲ ಎನ್ನೋಣ. ಆದರೂ ಇಪ್ಪತ್ತೈದು, ಮೂವತ್ತು ನಿಮಿಷಕ್ಕೆ ಎದ್ದು ನೀರು ಕುಡಿದು ಬರುವುದರಲ್ಲಿ ಸೋಲೇನಿಲ್ಲ. ಆ ಬಿಡುವಿನಲ್ಲಿ ರೀಲ್ಸ್ ನೋಡಬೇಡಿ. ಓದುವ ಕೋಣೆಯಲ್ಲಿ ಫೋನೇ ಬೇಡ.

ಎಳೆತರುವ ಅಭ್ಯಾಸವನ್ನಷ್ಟೇ ಬೇರೆಯಾಗಿ ಮಾಡಬೇಕೆಂದಿದ್ದರೆ ಅದಕ್ಕೂ ದೂರ ಹೋಗಬೇಕಿಲ್ಲ. ನಿಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಹಿರಿಯರು ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟು ನೋಡುತ್ತ ಕೂರುತ್ತಾರೆ. ಲಿಂಗದ ಮೇಲಿನ ಕಂತಿ ಎಂಬ ಕರಿಯ ಲೇಪ ಹೊಳೆಯುತ್ತದೆ, ದೃಷ್ಟಿ ಅಲ್ಲಿ ಊರುತ್ತದೆ, ಸರಿದಾಗ ಮತ್ತೆ ತರುತ್ತಾರೆ. ಅವರಿಗೆ ಅದು ಪೂಜೆ, ಪರೀಕ್ಷೆಯ ತಯಾರಿಯಲ್ಲ. ಆದರೆ ಕೂರುವ ಕ್ರಮವನ್ನು ಅವರಿಂದ ಕಲಿಯಬಹುದು. ನಿಮ್ಮ ಮನೆಯ ಪದ್ಧತಿ ಬೇರೆಯಾದರೆ ಉಸಿರನ್ನು ಗಮನಿಸಿದರೂ ಆಯಿತು.

ನಿದ್ದೆ ಕೆಟ್ಟು ಓದುತ್ತಿದ್ದರೆ ಮೇಲಿನ ಯಾವುದೂ ಫಲ ಕೊಡದು. ಗಮನದ ತೊಂದರೆ ಚಿಕ್ಕಂದಿನಿಂದ ಎಲ್ಲ ಕೆಲಸದಲ್ಲೂ ಇದ್ದರೆ, ಅಥವಾ ಜೊತೆಗೆ ವಾರಗಟ್ಟಲೆ ಬೇಸರ, ನಿದ್ರಾಹೀನತೆ ಇದ್ದರೆ, ಮನೋವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಈ ಉತ್ತರವನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ. ಅವರಲ್ಲಿ ನನ್ನದೊಂದು ಕೇಳಿಕೆ: ಮಗ ಪುಸ್ತಕ ಹಿಡಿದು ಕೂತ ಆ ಅರ್ಧ ಗಂಟೆ ಅವನನ್ನು ಕಿರಾಣಿ ಅಂಗಡಿಗೆ ಕಳಿಸಬೇಡಿ, ಸಕ್ಕರೆ ಆಮೇಲೆ ತಂದರೂ ನಡೆಯುತ್ತದೆ.