ಪುಣೆಗೆ ಹೊರಡುವ ಮುನ್ನ

ತಂಗಿ, ಪುಣೆಯ ಪಗಾರ ನಿಮ್ಮೂರು ದಡ್ಡಿಯ ಕಬ್ಬಿನ ಬಿಲ್ಲಿಗಿಂತ ಹೆಚ್ಚು, ನಿಜ. ಬಾಡಿಗೆ, ಡಿಪಾಸಿಟ್ಟು, ಈಗ ಮನೆಯ ಎಮ್ಮೆಯಿಂದಲೇ ಸಿಗುವ ಹಾಲಿನ ಖರ್ಚು ಕಳೆದು ನೋಡಿದಿರಾ?

ನನ್ನ ಚಿಂತೆಯೆಲ್ಲ ಐದನೆಯ ತರಗತಿಯ ಮಗಳದು. ಮುಂದೆ ವೃತ್ತಿಶಿಕ್ಷಣದ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಕರ್ನಾಟಕದ ಸೀಟಿಗೆ ಸಾಮಾನ್ಯವಾಗಿ ರಾಜ್ಯದಲ್ಲಿ 7 ವರ್ಷ ಓದಿರಬೇಕು. ಗ್ರಾಮೀಣ, ಕನ್ನಡ ಮಾಧ್ಯಮದ ಮೀಸಲಾತಿಗಂತೂ 1ರಿಂದ 10ನೆಯ ತರಗತಿವರೆಗೆ. ಈಗ ಹೊರಟರೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಅವಳು ಗಳಿಸುತ್ತಿರುವ ಹಕ್ಕು ಕೈತಪ್ಪುತ್ತದೆ.

2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿದ್ದನ್ನು ಕಂಡವರ ಅಂಜಿಕೆ ನನಗೆ ಅರ್ಥವಾಗುತ್ತದೆ. ಅದಕ್ಕೆ ಪುಣೆಯೇ ಬೇಕಿಲ್ಲ; ಸಂಕೇಶ್ವರದ ಹತ್ತಿರದ ಹಳ್ಳಿಯೊಂದರಲ್ಲಿ, ಹಿರಣ್ಯಕೇಶಿ ನದಿಯಿಂದ ದೂರದ ಎತ್ತರದ ಓಣಿಯಲ್ಲಿ ಮನೆ ನೋಡಿ. ನಿಮ್ಮ ಯಜಮಾನರು ಮೊದಲು ಒಂದು ವರ್ಷ ಒಬ್ಬರೇ ಹೋಗಿರಲಿ. ಅಲ್ಲಿಯವರೆಗೆ ಹೊಲ ಮಾತ್ರ ಮಾರಬೇಡಿ.