ಗಾಳಕ್ಕೆ ಸಿಕ್ಕಿಸಿದ ಸೀಗಡಿ

ಹಿಮಗಟ್ಟಿಸಿದ ಆಹಾರವು ಬೇಗ ಕೆಡುವುದಿಲ್ಲವೆಂಬುದು ಎಲ್ಲರೂ ಬಲ್ಲ ವಿಷಯ. ಆದರೆ ಆಹಾರವು ಕೆಡದಿರುವುದು ಬೇರೆ, ಅದರಲ್ಲಿರುವ ರೋಗಾಣು ನಾಶವಾಗುವುದು ಬೇರೆ. ಅಡಿಗೆಮನೆಯಲ್ಲಿ ಈ ಭೇದವು ಅಷ್ಟು ಮುಖ್ಯವೆನಿಸದಿದ್ದರೂ ಒಂದು ದೇಶದ ಜಲಚರ ಸಾಕಣೆಗೆ ಅದು ಅಳಿವು ಉಳಿವಿನ ಪ್ರಶ್ನೆಯಾಗಬಲ್ಲದು. 2016ರಲ್ಲಿ ಆಸ್ಟ್ರೇಲಿಯದಲ್ಲಿ ನಡೆದ ಸಂಗತಿಯೊಂದು ಇದಕ್ಕೆ ನಿದರ್ಶನ.

ಸೀಗಡಿಗಳಿಗೆ ತಗಲುವ ಬಿಳಿಚುಕ್ಕೆ ರೋಗವು 1990ರ ದಶಕದ ಆದಿಯಲ್ಲಿ ಪೂರ್ವ ಏಷ್ಯದಲ್ಲಿ ಕಾಣಿಸಿಕೊಂಡು, ಅಲ್ಪಕಾಲದಲ್ಲಿಯೇ ಇತರ ದೇಶಗಳಿಗೂ ಹರಡಿತು. ನಮ್ಮ ಪೂರ್ವ ಕರಾವಳಿಯ ಸೀಗಡಿಕೊಳಗಳೂ 1994-95ರಲ್ಲಿ ಇದಕ್ಕೆ ತುತ್ತಾದವು. ರೋಗಕ್ಕೆ ಕಾರಣ ಒಂದು ವೈರಸ್. ಅದು ತಗಲಿದ ಸೀಗಡಿಯು ಮೇವು ಬಿಟ್ಟು ಕೊಳದ ಅಂಚಿಗೆ ಬಂದು ಸೇರುತ್ತದೆ. ಅನೇಕ ವೇಳೆ ಚಿಪ್ಪಿನ ಮೇಲೆ ಬಿಳಿಯ ಮಚ್ಚೆಗಳು ಮೂಡುತ್ತವೆ. 3ರಿಂದ 10 ದಿನಗಳೊಳಗಾಗಿ ಕೊಳದ ಸೀಗಡಿಗಳಲ್ಲಿ ನೂರಕ್ಕೆ 80ರಿಂದ 100ರವರೆಗೂ ಸಾಯಬಹುದು. ಮನುಷ್ಯನಿಗೆ ಈ ವೈರಸ್ಸಿನಿಂದ ಅಪಾಯವಿಲ್ಲ. ಬೇಯಿಸಿದರೆ ಅದು ನಾಶವಾಗುತ್ತದೆ, ಹಿಮಗಟ್ಟಿಸಿದರೆ ಆಗುವುದಿಲ್ಲ. ರೋಗಕ್ಕೆ ಚಿಕಿತ್ಸೆಯೂ ಇಲ್ಲ. ಬೆನ್ನೆಲುಬುಳ್ಳ ಪ್ರಾಣಿಗಳಂತೆ ಸೀಗಡಿಯ ದೇಹವು ಪ್ರತಿಕಾಯಗಳನ್ನು ಉತ್ಪಾದಿಸಲಾರದು. ಅದಕಾರಣ ನಮಗೆ ಪರಿಚಿತವಾದ ಲಸಿಕೆಯ ಕ್ರಮವು ಇಲ್ಲಿ ಸಲ್ಲದು. ವೈರಸ್ಸನ್ನು ಒಳಗೆ ಬಿಡದಿರುವುದೇ ಉಳಿದ ಮಾರ್ಗ.

ಆಸ್ಟ್ರೇಲಿಯವು ಹಿಡಿದಿದ್ದುದು ಈ ಮಾರ್ಗವನ್ನೇ. ಹೊರದೇಶದ ಬೇಯಿಸದ ಸೀಗಡಿಯ ತಲೆಯನ್ನೂ ಚಿಪ್ಪನ್ನೂ ತೆಗೆದಿರಬೇಕು, ಬಂದ ಸರಕಿನ ಮಾದರಿಗಳನ್ನು ವೈರಸ್ಸಿಗಾಗಿ ಪರೀಕ್ಷಿಸಬೇಕು ಎಂಬುದು ಅಲ್ಲಿನ ನಿಯಮ. ಮಸಾಲೆ ಸವರಿದ ಅಥವಾ ಹಿಟ್ಟು ಹೊದಿಸಿದ ಸೀಗಡಿಗೆ ಪರೀಕ್ಷೆಯಿಂದ ವಿನಾಯಿತಿಯಿತ್ತು. ಅಂಥದನ್ನು ಕೊಂಡವನು ತಿಂದಾನೇ ಹೊರತು ನೀರಿಗೆ ಹಾಕಲಾರನೆಂಬುದು ತರ್ಕ. ಪೊಟ್ಟಣಗಳ ಮೇಲೆ ‘ಗಾಳದ ಎರೆಯಾಗಿ ಬಳಸಬಾರದು’ ಎಂಬ ಎಚ್ಚರಿಕೆಯೂ ಇರುತ್ತಿತ್ತು. ರಜೆಯ ದಿನ ಗಾಳ ಹಿಡಿದು ನದಿಗೆ ಹೊರಟವರಲ್ಲಿ ಎಷ್ಟು ಮಂದಿ ಅದನ್ನು ಓದಿಯಾರು?

2016ರ ಡಿಸೆಂಬರ್ ಮೊದಲಲ್ಲಿ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಲೋಗನ್ ನದಿಯ ಬಳಿಯ ಸಾಕಣೆ ಕೇಂದ್ರವೊಂದರಲ್ಲಿ ರೋಗವು ಖಚಿತವಾಯಿತು. ಮರುವರ್ಷದ ಫೆಬ್ರವರಿಯೊಳಗೆ ಅಲ್ಲಿನ 7 ಕೇಂದ್ರಗಳು ಅದರ ವಶವಾದವು. ವೈರಸ್ ಬಂದ ದಾರಿ ನಿಸ್ಸಂದೇಹವಾಗಿ ಸಿದ್ಧಪಟ್ಟಿಲ್ಲ. ಆದರೆ ಅಂಗಡಿಗಳಲ್ಲಿ ಮಾರಾಟಕ್ಕಿದ್ದ ಆಮದು ಸೀಗಡಿಯಲ್ಲಿ ವೈರಸ್ ದೊರೆತುದರಿಂದ ಗಾಳದ ಎರೆಯ ಮೇಲೆ ಸಂಶಯವು ಬಲವಾಯಿತು. ನಿಯಮವು ಬಂದರಿನಲ್ಲಿ ಸರಕನ್ನು ನೋಡುತ್ತದೆ. ಸರಕು ಕೊನೆಗೆ ಯಾರ ಕೈಯಲ್ಲಿ ಏನಾಗುತ್ತದೆಂಬುದು ಅದರ ಕಣ್ಣಿಗೆ ಬೀಳದು.

ಜಲಚರಗಳ ರೋಗ ತಲೆದೋರಿದಾಗ ಯಾರು ಏನು ಮಾಡತಕ್ಕದ್ದೆಂಬುದನ್ನು ವಿವರಿಸುವ ‘ಅಕ್ವಾವೆಟ್‌ಪ್ಲಾನ್’ ಎಂಬ ಕೈಪಿಡಿಗಳು ಆ ದೇಶದಲ್ಲಿ ಮೊದಲೇ ಸಿದ್ಧವಿದ್ದವು. ಬಿಳಿಚುಕ್ಕೆ ರೋಗಕ್ಕೂ ಒಂದು ಕೈಪಿಡಿಯಿತ್ತು. ಕೊಳಗಳಿಗೆ ಕ್ಲೋರಿನ್ ಬೆರೆಸಿ ಸೀಗಡಿಗಳನ್ನು ಕೊಂದು, ನೀರನ್ನು ಶುದ್ಧಿಗೊಳಿಸಿದರು. ಆ ಪ್ರದೇಶದ ಹಸಿ ಸೀಗಡಿ, ಏಡಿ, ಎರೆಹುಳುಗಳನ್ನು ಹೊರಗೊಯ್ಯುವುದನ್ನು ನಿರ್ಬಂಧಿಸಿದರು. 2017ರ ಜನವರಿಯಲ್ಲಿ ಹಸಿ ಸೀಗಡಿಯ ಆಮದನ್ನು ತಡೆದು, ಜುಲೈಯಲ್ಲಿ ಬಿಗಿಯಾದ ಪರೀಕ್ಷೆಗಳೊಡನೆ ಮತ್ತೆ ಬಿಟ್ಟರು. ಮಸಾಲೆ ಸವರಿದ ಸೀಗಡಿಯ ವಿನಾಯಿತಿಯೂ ರದ್ದಾಯಿತು. ಆದರೆ ಅಷ್ಟರಲ್ಲಿ ಸಮೀಪದ ಮೋರ್ಟನ್ ಕೊಲ್ಲಿಯ ಸೀಗಡಿ, ಏಡಿಗಳಲ್ಲಿಯೂ ವೈರಸ್ ಕಂಡುಬಂದಿತ್ತು. ಕೊಳಕ್ಕೆ ಕ್ಲೋರಿನ್ ಹಾಕಬಹುದು, ಸಮುದ್ರಕ್ಕೆ ಹಾಕುವಂತಿಲ್ಲ. 2022ರಲ್ಲಿ ನೆರೆಯ ನ್ಯೂ ಸೌತ್ ವೇಲ್ಸ್ ರಾಜ್ಯದ ಮರಿ ಉತ್ಪಾದನಾ ಕೇಂದ್ರವೊಂದರಲ್ಲಿಯೂ, 2023ರಲ್ಲಿ ಅದೇ ರಾಜ್ಯದ ಕ್ಲಾರೆನ್ಸ್ ನದಿಯ ಬಳಿಯ ಸಾಕಣೆ ಕೇಂದ್ರದಲ್ಲಿಯೂ ರೋಗವು ಪತ್ತೆಯಾಯಿತು.