ರೊಟ್ಟಿ ಬಡಿಯುವವರನ್ನು ಮೊದಲು ಕೇಳು

ತೂಕ ಇಳಿಸಬೇಕು, ಯಾವ ಪಥ್ಯ ಹಿಡಿಯಲಿ ಎಂದು ಕೇಳಿಕೊಂಡು ಬರುವ ಮಕ್ಕಳಿಗೆ ನಾನು ತಿರುಗಿ ಕೇಳುವುದು ಒಂದೇ ಮಾತು: ನಿಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರು? ಸಿಂದಗಿಯ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿಯಿರಲಿ, ಇಂಡಿಯಲ್ಲಿ ಗೊಬ್ಬರದ ಅಂಗಡಿ ಇಟ್ಟ ಹುಡುಗನಿರಲಿ, ಹೆಚ್ಚಿನವರ ಉತ್ತರ "ಅವ್ವ". ಮದುವೆಯಾದ ಗಂಡಸರು "ಮನಿಯಾಕಿ" ಎನ್ನುತ್ತಾರೆ. ಹಾಗಿದ್ದ ಮೇಲೆ ತಂಗೀ, ನೀನು ಹಿಡಿಯುವ ಪಥ್ಯ ನಿನ್ನ ಮನಸ್ಸಿನ ಗಟ್ಟಿತನಕ್ಕಿಂತ ಹೆಚ್ಚಾಗಿ ಅವರ ಕೈಯ ಮೇಲೆ ನಿಂತಿದೆ. ಮನೆಗೆಲ್ಲ ಒಂದು ಅಡುಗೆ, ನಿನಗೊಂದು ಅಡುಗೆ ಎಂದಾದರೆ ಅದು ಒಂದು ತಿಂಗಳು ನಡೆಯುತ್ತದೆ, ಬಹಳವೆಂದರೆ ಎರಡು ತಿಂಗಳು. ಅಷ್ಟರಲ್ಲಿ ಮನೆಯಲ್ಲಿ ಬಿತ್ತನೆಯೋ ರಾಶಿಯೋ ಬರುತ್ತದೆ, ಯಾರಿಗೋ ಜ್ವರ ಬರುತ್ತದೆ, ಅವ್ವನಿಗೆ ಸಾಕಾಗುತ್ತದೆ. ಪಥ್ಯ ಅಲ್ಲಿಗೆ ಮುಗಿಯಿತು. ಇಳಿದ ನಾಲ್ಕು ಕಿಲೋ ಆರಾಗಿ ಮರಳುತ್ತದೆ.

ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿಯಾಗಿ ತಿರುಗಿದವಳು ನಾನು. ಆಗ ನನ್ನ ಚೀಲದಲ್ಲಿದ್ದ ತಕ್ಕಡಿ ಸೊರಗಿದ ಕೂಸುಗಳನ್ನು ತೂಗಲಿಕ್ಕೆ. ಈಗ ಅದೇ ಓಣಿಗಳಲ್ಲಿ ಮೂವತ್ತು ದಾಟದ ಹುಡುಗರು ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವುದನ್ನು ಕಂಡರೆ ಕರುಳು ಚುರ್ ಎನ್ನುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ 10 ಕೋಟಿಗೂ ಮಿಕ್ಕಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ನೂರರಲ್ಲಿ ಸುಮಾರು 40 ವಯಸ್ಕರಿಗೆ ಹೊಟ್ಟೆಯ ಬೊಜ್ಜಿದೆ ಎಂದು ಅದು ಲೆಕ್ಕ ಹಾಕಿತು. ಇದು ಪಟ್ಟಣದವರ ರೋಗ ಎಂದು ನಾವು ಸುಮ್ಮನೆ ಕೂರುವ ಕಾಲ ಮುಗಿದಿದೆ.

ಯಾವ ಪಥ್ಯ ಒಳ್ಳೆಯದು ಎಂಬುದನ್ನು ಓದಿದವರು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಣ್ಣೆ-ಬೆಣ್ಣೆ ಕಡಿಮೆ, ಇನ್ನೊಂದಕ್ಕೆ ಹಿಟ್ಟು-ಅನ್ನ-ಸಕ್ಕರೆ ಕಡಿಮೆ. ಒಂದು ವರ್ಷ ಕಳೆದ ಮೇಲೆ ಮೊದಲ ಗುಂಪು ಸರಾಸರಿ 5.3 ಕಿಲೋ, ಎರಡನೆಯದು 6 ಕಿಲೋ ಇಳಿದಿತ್ತು. 2018ರಲ್ಲಿ ಈ ಫಲಿತಾಂಶ ಹೊರಬಂತು. ಎರಡರ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ ಎಂದೇ ಅವರು ಬರೆದರು. ಆದರೆ ಒಂದೇ ಗುಂಪಿನ ಒಳಗೆ ಅಂತರ ಬಹಳವಿತ್ತು. ಕೆಲವರು 20 ಕಿಲೋಗೂ ಮಿಕ್ಕಿ ಕಳೆದುಕೊಂಡರು, ಕೆಲವರ ತೂಕ ಏರಿಯೇಬಿಟ್ಟಿತು. ಅದಕ್ಕೂ ಮೊದಲು, 2005ರಲ್ಲಿ, ಬಾಸ್ಟನ್ನಿನಲ್ಲಿ 160 ಜನರ ಮೇಲೆ ನಾಲ್ಕು ಹೆಸರಾಂತ ಪಥ್ಯಗಳನ್ನು ಹೋಲಿಸಿದಾಗಲೂ ಇದೇ ಕಂಡಿತ್ತು: ತೂಕ ಇಳಿದದ್ದು ಪಥ್ಯದ ಹೆಸರಿನಿಂದಲ್ಲ, ಯಾರು ಎಷ್ಟು ನಿಯತ್ತಾಗಿ ಪಾಲಿಸಿದರು ಎಂಬುದರಿಂದ. ಬಹಳ ಬಿಗಿಯಾದ ಎರಡು ಪಥ್ಯಗಳನ್ನು ವರ್ಷದೊಳಗೆ ಹತ್ತಿರ ಹತ್ತಿರ ಅರ್ಧ ಜನ ಕೈಬಿಟ್ಟಿದ್ದರು.

ಆದ್ದರಿಂದ ಹಿಟ್ಟು-ಅನ್ನ ಬಿಡಿಸುವ ಕೀಟೋ ಪಥ್ಯ ಒಳ್ಳೆಯದೋ, ಹದಿನಾರು ತಾಸು ಉಪವಾಸ ಒಳ್ಳೆಯದೋ ಎಂಬ ವಾದದಲ್ಲಿ ಹೊತ್ತು ಕಳೆಯಬೇಡ. ಮೂರು ವರ್ಷದ ಮೇಲೆ, ಮದುವೆಯಾಗಿ, ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡಾಗಲೂ ಯಾವ ಊಟ ಉಣ್ಣಬಲ್ಲೆ ಎಂದು ಯೋಚಿಸು. ಕೀಟೋ ಹಿಡಿದವರು ಜೋಳವನ್ನೇ ಬಿಡಬೇಕು. ಡೋಣಿ ಹೊಳೆ ಹರಿದರೆ ಓಣಿಯೆಲ್ಲ ಜೋಳ ಎನ್ನುವ ಸೀಮೆಯಲ್ಲಿ ಕೂತು, ಮನೆಯ ಮೂಲೆಯಲ್ಲಿ ಮಾಲದಂಡಿ ಜೋಳದ ಚೀಲ ಇಟ್ಟುಕೊಂಡು, ಬಾದಾಮಿ ಹಿಟ್ಟನ್ನು ಊರ ಹೊರಗಿನಿಂದ ತರಿಸಿ ಉಣ್ಣುವುದು ಎಷ್ಟು ದಿನ? ದುಡ್ಡಿನ ಮಾತು ಹಾಗಿರಲಿ, ಎಲ್ಲರೂ ರೊಟ್ಟಿ ಮುರಿಯುವಾಗ ನೀನೊಬ್ಬಳೇ ಬೇರೆ ತಾಟು ಹಿಡಿದು ಕೂರುವ ಸಂಕಟ ದೊಡ್ಡದು. ಆ ಸಂಕಟವೇ ಪಥ್ಯ ಮುರಿಸುತ್ತದೆ.

ನಮ್ಮ ಊಟದ ಬುಡ ಗಟ್ಟಿಯಾಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಪಟ್ಟಿಯಂತೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, 10 ಗ್ರಾಂ ಪ್ರೋಟೀನು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಮಿಗೂ ಕಡಿಮೆ. ಬಿಸಿ ರೊಟ್ಟಿಯನ್ನು ಅಗಿಯಬೇಕು, ಗಬಗಬ ನುಂಗಲಾಗದು. ಅಷ್ಟರಲ್ಲಿ ಹೊಟ್ಟೆ ಸಾಕೆನ್ನುತ್ತದೆ. ಜೊತೆಗೆ ಮಡಕಿಕಾಳು, ಹೆಸರುಕಾಳು, ಪುಂಡಿಪಲ್ಯ, ಹಸಿ ಮೆಂತ್ಯ, ಹಕ್ಕರಕಿ, ಮೂಲಂಗಿ, ಉಳ್ಳಾಗಡ್ಡಿ, ಮೇಲೆ ನಮ್ಮ ಇಂಡಿಯ ಲಿಂಬೆ. ಹಣ ಕೊಟ್ಟು ಪಟ್ಟಣದಲ್ಲಿ ಬರೆಸಿಕೊಂಡು ಬರುವ ಪಥ್ಯದ ಚೀಟಿಯಲ್ಲಿ ಇದಕ್ಕಿಂತ ಹೆಚ್ಚಿನದು ಏನೂ ಇರುವುದಿಲ್ಲ.

ಆದರೆ ಇಲ್ಲೊಂದು ಮಾತು ಕಿವಿಗೊಟ್ಟು ಕೇಳು. ಜೋಳದ ರೊಟ್ಟಿ ತಿಂದರೆ ತೂಕ ಇಳಿಯುತ್ತದೆ ಎಂದು ಹೇಳುವವರು ಈಗ ಬಹಳ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಸಾರಿದ ಮೇಲಂತೂ ಜೋಳಕ್ಕೆ ಔಷಧದ ಪಟ್ಟ ಕಟ್ಟಿದ್ದಾರೆ. ಆ ಪಟ್ಟ ಸಲ್ಲದು. 100 ಗ್ರಾಂ ಜೋಳದ ಶಕ್ತಿ 334 ಕ್ಯಾಲರಿ, ಅಕ್ಕಿಯದು 356. ದೊಡ್ಡ ಅಂತರವೇನಲ್ಲ. ನಿನ್ನ ಮುತ್ತ್ಯಾ ಐದಾರು ರೊಟ್ಟಿ ತಿಂದೂ ಒಣಗಿದ ಬಾರುಕೋಲಿನಂತೆ ಇದ್ದದ್ದು ಜೋಳದ ಮಹಿಮೆಯಿಂದಲ್ಲ. ಎರಿಹೊಲದಲ್ಲಿ ಕುಂಟಿ ಹೊಡೆದು, ಕಣಿಕೆ ಹೊತ್ತು, ನಡೆದೇ ಸಂತೆಗೆ ಹೋಗಿ ಬರುತ್ತಿದ್ದ. ನೀನು ಗಾಡಿ ಮೇಲೆ ಹೋಗಿ ಕುರ್ಚಿ ಮೇಲೆ ಕೂರುವವಳು. ಅವನ ರೊಟ್ಟಿ ನಿನಗೂ ಇರಲಿ, ಅವನ ಲೆಕ್ಕ ಬೇಡ.

ಲೆಕ್ಕ ಹೇಗೆ ಎಂದರೆ, ಅದೇ ಪೋಷಣಾ ಸಂಸ್ಥೆ 2024ರಲ್ಲಿ ಹೊಸ ಮಾರ್ಗಸೂಚಿ ಕೊಟ್ಟಿದೆ. ದಿನಕ್ಕೆ 2000 ಕ್ಯಾಲರಿ ಸಾಕಾಗುವ ಆಳಿಗೆ ಧಾನ್ಯ ಎಲ್ಲ ಸೇರಿ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ-ತಪ್ಪಲು 400 ಗ್ರಾಂ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೆ 250 ಗ್ರಾಂ ಅಂದರೆ ಇಡೀ ದಿನಕ್ಕೆ ಐದು ರೊಟ್ಟಿ. ಅದರಲ್ಲೇ ಮುಂಜಾನೆಯ ಉಪ್ಪಿಟ್ಟು, ಅವಲಕ್ಕಿ, ಸಂಜೆಯ ಚುರುಮುರಿ, ಊಟದ ಕೊನೆಯ ಅನ್ನ ಎಲ್ಲವೂ ಬಂತು. ಇಳಿಯಬೇಕಾದವರಿಗೆ ಇನ್ನೂ ಕಡಿಮೆ. ಹಾಗಾಗಿ ಮಧ್ಯಾಹ್ನ ಎರಡು, ರಾತ್ರಿ ಒಂದು ಅಥವಾ ಒಂದೂವರೆ ರೊಟ್ಟಿ ಎಂದು ಹೇಳುತ್ತೇನೆ. ರೊಟ್ಟಿ ಕಡಿಮೆಯಾದಷ್ಟು ಕಾಳುಪಲ್ಯ ಹೆಚ್ಚಾಗಬೇಕು, ಇಲ್ಲದಿದ್ದರೆ ನಾಲ್ಕು ಗಂಟೆಗೆ ಹೊಟ್ಟೆ ಕೂಗಿ ಬಸ್‌ಸ್ಟ್ಯಾಂಡಿನ ಮಿರ್ಚಿ ಭಜಿಯ ಬುಟ್ಟಿಗೆ ಕಣ್ಣು ಹೋಗುತ್ತದೆ.

ರೊಟ್ಟಿಯ ಪಕ್ಕ ಕೂರುವ ಶೇಂಗಾ ಹಿಂಡಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಮ್ಮೆ ನಿನ್ನ ತಾಟಿನಲ್ಲಿ ನೋಡು. ಚಮಚ ತುಂಬಿ ಎರಡು ಸಲ ಹಾಕಿಕೊಂಡ ಹಿಂಡಿ ಸುಮಾರು 20 ಗ್ರಾಂ, ಅದು 100 ಕ್ಯಾಲರಿ. ನಡುವೆ ಗುಳಿ ಮಾಡಿ ಹಾಕುವ ಕುಸುಬಿ ಎಣ್ಣೆ ಒಂದು ಸಣ್ಣ ಚಮಚ, 45 ಕ್ಯಾಲರಿ. ರೊಟ್ಟಿಯೇ 165 ಕ್ಯಾಲರಿ ಇರುವಾಗ ಅದರ ನಂಟು ಹೆಚ್ಚುಕಡಿಮೆ ಅಷ್ಟೇ ಆಯಿತು. ಹಿಂಡಿ ಬಿಡು ಎನ್ನುವುದಿಲ್ಲ. ಹಿಂಡಿಯಿಲ್ಲದ ರೊಟ್ಟಿ ಯಾರಿಗೆ ಇಳಿದೀತು? ಒಂದೇ ಚಮಚ ಹಾಕಿಕೋ, ಎಣ್ಣೆಯ ಬದಲು ಮನೆಯ ಮೊಸರಿನಲ್ಲಿ ಕಲಸಿಕೋ.

ಇನ್ನು ಚಹಾ. ಆಲಮಟ್ಟಿ ಅಣೆಕಟ್ಟು ಕಟ್ಟಿ ಕಾಲುವೆ ಬಂದ ಮೇಲೆ ನಮ್ಮ ಕಡೆ ಕಬ್ಬು ಬೆಳೆಯಿತು, ಮನೆಗೆ ಬಂದವರಿಗೆಲ್ಲ ಎರಡು ಚಮಚ ಸಕ್ಕರೆಯ ಚಹಾ ಕೊಡುವುದು ಮರ್ಯಾದೆಯಾಯಿತು. ದಿನಕ್ಕೆ ಐದು ಕಪ್ಪು ಕುಡಿದರೆ 50 ಗ್ರಾಂ ಸಕ್ಕರೆ, 200 ಕ್ಯಾಲರಿ. ಹೊಟ್ಟೆಗೆ ಏನೂ ತುಂಬಲಿಲ್ಲ, ನಾಲಿಗೆಗೂ ನೆನಪಿಲ್ಲ. ಮೊದಲು ಇದನ್ನೇ ಹಿಡಿ. ಎರಡು ಚಮಚ ಇದ್ದದ್ದು ಒಂದಾಗಲಿ, ಆಮೇಲೆ ಅರ್ಧ. ಮಧ್ಯಾಹ್ನದ ಬಿಸಿಲಿಗೆ ಬಾಟಲಿಯ ತಂಪು ಪಾನೀಯದ ಬದಲು ಮಜ್ಜಿಗೆ ಕುಡಿ. ಪ್ಯಾಕೆಟ್ಟಿನ ತಿನಿಸಿನದೂ ಇದೇ ಕಥೆ. ಅಮೆರಿಕದಲ್ಲಿ 2019ರಲ್ಲಿ 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿ, ಎರಡು ವಾರ ಕಾರ್ಖಾನೆಯ ತಿನಿಸು, ಎರಡು ವಾರ ಸಾದಾ ಅಡುಗೆ ಬಡಿಸಿದರು. ಬೇಕಾದಷ್ಟು ತಿನ್ನಿ ಎಂದು ಬಿಟ್ಟಾಗ ಕಾರ್ಖಾನೆಯ ತಿನಿಸಿನ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು.

ನನ್ನ ಬಾಲ್ಯದಲ್ಲಿ ಅನ್ನ ಹಬ್ಬದ ಊಟ. 2013ರಲ್ಲಿ ಸರಕಾರದ ಅನ್ನಭಾಗ್ಯ ಯೋಜನೆಯ ಅಕ್ಕಿ ಬಂದಾಗ ಬಡವರ ಮನೆಯ ಗಡಿಗೆಯೂ ತುಂಬಿತು. ಹಸಿದವರ ಹೊಟ್ಟೆ ತುಂಬಿಸಿದ ಅಕ್ಕಿಯನ್ನು ನಾನು ಎಂದೂ ಹಳಿಯುವವಳಲ್ಲ. ಆದರೆ ರೊಟ್ಟಿ ಉಂಡ ಮೇಲೂ ಎರಡು ಸವಟು ಅನ್ನ ಬೇಕು ಎನ್ನುವ ರೂಢಿ ಹೊಸದು. ರೊಟ್ಟಿ ಉಂಡ ಹೊತ್ತಿಗೆ ಅನ್ನ ಬೇಡ, ಅನ್ನ ಉಣ್ಣುವ ಹೊತ್ತಿಗೆ ರೊಟ್ಟಿ ಬೇಡ. ಇಷ್ಟನ್ನು ಮನೆಯವರೆಲ್ಲ ಒಪ್ಪಿದರೆ ಅವ್ವನ ಕೆಲಸವೂ ಹಗುರಾಗುತ್ತದೆ, ಬೇರೆ ಅಡುಗೆಯ ಮಾತೇ ಬರುವುದಿಲ್ಲ.

ಹೆಣ್ಣುಮಕ್ಕಳಿಗೆ ಒಂದು ಮಾತು ಬೇರೆ ಹೇಳಬೇಕು. ನಾವು ಕೊನೆಗೆ ಉಣ್ಣುವವರು. ಬಸವಣ್ಣ ಹುಟ್ಟಿದ ನಾಡು ಇದು. ಪ್ರಸಾದ ಚೆಲ್ಲಬಾರದು ಎಂದು ಕೂಸಿದ್ದಾಗಿನಿಂದ ಕಲಿತಿದ್ದೇವೆ. ಹೀಗಾಗಿ ಮಗ ಬಿಟ್ಟ ಅರ್ಧ ರೊಟ್ಟಿ, ಪಾತ್ರೆಯ ತಳದ ಅನ್ನ, ಬಟ್ಟಲಿನ ಕೊನೆಯ ಸಾರು ನಮ್ಮ ಹೊಟ್ಟೆಗೇ ಸೇರುತ್ತದೆ. ಕೆಡಬಾರದು ಎಂಬುದು ಸರಿ. ಅದಕ್ಕೆ ದಾರಿ ಕಡಿಮೆ ಮಾಡುವುದು, ಬಡಿಸುವಾಗಲೇ ಮೊದಲು ಸ್ವಲ್ಪ ನೀಡುವುದು, ಉಳಿದ ರೊಟ್ಟಿಯನ್ನು ಮರುದಿನ ಮುರಿದು ಒಗ್ಗರಣೆ ಹಾಕುವುದು. ಹಸಿವಿಲ್ಲದ ಹೊಟ್ಟೆಗೆ ತುಂಬಿಕೊಳ್ಳುವುದರಿಂದ ಯಾವ ಪ್ರಸಾದಕ್ಕೂ ಗೌರವ ಬರುವುದಿಲ್ಲ. ಸಾಧ್ಯವಾದರೆ ಮನೆಮಂದಿಯ ಜೊತೆಗೇ ಕೂತು ಉಣ್ಣು. ಕೊನೆಗೆ ಕೂತವರಿಗೆ ತಾಟಿನ ಅಂದಾಜು ಸಿಗುವುದಿಲ್ಲ.

ಒತ್ತಾಯ ಮಾಡಿ ಬಡಿಸುವ ಅಜ್ಜಿಯ ಮೇಲೆ ಸಿಟ್ಟಾಗಬೇಡ. 1972ರ ಬರ ಕಂಡವರು ಅವರು. ಮೈ ತುಂಬಿಕೊಂಡ ಕೂಸೇ ಅವರ ಕಣ್ಣಿಗೆ ಸುಖದ ಗುರುತು. "ಸಾಕು" ಎಂದರೆ ಅವರಿಗೆ ನೋವು. "ಅಜ್ಜೀ, ರೊಟ್ಟಿ ಬ್ಯಾಡ, ಇನ್ನೊಂದಿಷ್ಟು ಕಾಳಪಲ್ಯಾ ಹಾಕು" ಎಂದು ಕೇಳಿ ಪಡೆದುಕೋ. ಅವರ ಕೈಯೂ ಖಾಲಿ ಹೋಗಲಿಲ್ಲ, ನಿನ್ನ ಲೆಕ್ಕವೂ ತಪ್ಪಲಿಲ್ಲ.

ಹೊತ್ತು ನೋಡಿ ಉಣ್ಣುವ ಪದ್ಧತಿ ನಿನಗೆ ಹಿಡಿಸಿದರೆ ಮಾಡು. ಚೀನಾದಲ್ಲಿ 139 ಜನರ ಮೇಲೆ ಒಂದು ವರ್ಷ ನಡೆಸಿದ ಪರೀಕ್ಷೆ 2022ರಲ್ಲಿ ಪ್ರಕಟವಾಗಿದೆ. ಒಂದು ಗುಂಪು ಕಡಿಮೆ ಉಂಡಿತು. ಇನ್ನೊಂದು ಅಷ್ಟೇ ಕಡಿಮೆ ಉಂಡು, ಅದನ್ನೂ ಮುಂಜಾನೆ 8ರಿಂದ ಸಂಜೆ 4ರೊಳಗೆ ಮುಗಿಸಿತು. ಇಳಿದ ತೂಕದಲ್ಲಿ ಎಣಿಸುವಂಥ ಅಂತರ ಬರಲಿಲ್ಲ. ಗಡಿಯಾರಕ್ಕಿಂತ ತಾಟು ಮುಖ್ಯ. ನಮ್ಮ ಏಕಾದಶಿ, ಶ್ರಾವಣ ಸೋಮವಾರಗಳಲ್ಲೂ ಇದನ್ನು ಕಂಡಿದ್ದೇನೆ: ದಿನವಿಡೀ ಉಪವಾಸ, ಸಂಜೆ ಶೇಂಗಾ ಪುಡಿ ಸುರಿದ ಸಾಬೂದಾನಿ ಖಿಚಡಿ ಎರಡು ತಾಟು. ದೇವರಿಗೆ ಅದು ಉಪವಾಸವೇ, ಮೈಗೆ ಅಲ್ಲ. ರಾತ್ರಿಯ ಊಟ ಎಂಟರೊಳಗೆ ಮುಗಿಸಿ, ಉಂಡ ಮೇಲೆ ಓಣಿಯಲ್ಲಿ ಹದಿನೈದು ನಿಮಿಷ ನಡೆದರೆ ಸಾಕು.

ಅವಸರ ಮಾಡಬೇಡ. ವಾರಕ್ಕೆ ಅರ್ಧ ಕಿಲೋ ಇಳಿದರೆ ಅದು ಒಳ್ಳೆಯ ನಡೆ. ಕೆಲವು ತಿಂಗಳಾದ ಮೇಲೆ ತಕ್ಕಡಿಯ ಮುಳ್ಳು ನಿಂತುಬಿಡುವುದುಂಟು. ಆಗಲೇ ಹುಡುಗಿಯರು ಬಂದು "ಅತ್ತಿ, ಅನ್ನಾನೂ ಬಿಟ್ಟೀನಿ, ಸಕ್ರಿನೂ ಬಿಟ್ಟೀನಿ, ಆದ್ರೂ ಇಳೀವಲ್ದು" ಎಂದು ಅಳುವುದು. ಅದು ನಿನ್ನ ತಪ್ಪಲ್ಲ. ಮೈ ಹಗುರಾದಂತೆ ಅದು ಖರ್ಚು ಮಾಡುವ ಶಕ್ತಿಯೂ ಇಳಿಯುತ್ತದೆ. ಬರಗಾಲಕ್ಕೆ ಕೂಡಿಡುವುದು ಅದರ ಗುಣ. ಆ ಹೊತ್ತಿನಲ್ಲಿ ಊಟ ಇನ್ನೂ ಕತ್ತರಿಸಿ ಮೈ ಒಣಗಿಸಿಕೊಳ್ಳಬೇಡ. ಕಾಳು, ಮೊಸರು, ತಿನ್ನುವವರಾದರೆ ತತ್ತಿ ಇವನ್ನು ಬಿಡದೆ, ನಡಿಗೆ ಹೆಚ್ಚಿಸಿ, ಸುಮ್ಮನೆ ಮುಂದುವರಿ. ತಕ್ಕಡಿಯ ಜೊತೆ ದರ್ಜಿಯ ಟೇಪೂ ಇರಲಿ. ನಡುವಿನ ಸುತ್ತಳತೆ ಹೆಣ್ಣಿಗೆ 80, ಗಂಡಿಗೆ 90 ಸೆಂಟಿಮೀಟರಿನ ಒಳಗಿರಬೇಕು ಎಂಬುದು ನಮ್ಮ ದೇಶದವರಿಗೆ ವೈದ್ಯರು ಹಾಕಿದ ಗೆರೆ.

ಸಕ್ಕರೆಗೋ ಬಿ.ಪಿ.ಗೋ ಗುಳಿಗೆ ತಗೊಳ್ಳುವವರು, ಬಸುರಿ-ಬಾಣಂತಿಯರು ತಾವಾಗಿಯೇ ಊಟ ಕಡಿಮೆ ಮಾಡಬಾರದು. ಸಕ್ಕರೆಯ ಗುಳಿಗೆ ನುಂಗಿ ಊಟ ಬಿಟ್ಟರೆ ತಲೆ ಸುತ್ತಿ ಬೀಳುವುದುಂಟು. ಮೊದಲು ತಾಲೂಕು ಆಸ್ಪತ್ರೆಗೆ ಹೋಗಿ ಡಾಕ್ಟರನ್ನು ಕಂಡು, ಗುಳಿಗೆಯ ಪ್ರಮಾಣ ಕೇಳಿಕೊಂಡು ಬನ್ನಿ. ಅಕಾರಣವಾಗಿ ತೂಕ ಏರುತ್ತಿದ್ದರೆ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ.

ಹಬ್ಬಕ್ಕೆ ಏನು ಮಾಡಲಿ ಎಂದು ಕೇಳುತ್ತೀ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗು. ಚರಗ ಚೆಲ್ಲಿದ ಮೇಲೆ ಎಲ್ಲರ ಜೊತೆ ಬನ್ನಿಗಿಡದ ಕೆಳಗೆ ಕೂತು ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಭಜ್ಜಿಪಲ್ಯ, ಶೇಂಗಾ ಹೋಳಿಗೆ ತಿನ್ನು. ಆ ದಿನ ಲೆಕ್ಕ ಬೇಡ, ಯಾರ ಮುಂದೆಯೂ ಪಥ್ಯದ ಮಾತು ತೆಗೆಯಬೇಡ. ಡಬ್ಬಿಯಲ್ಲಿ ಉಳಿದ ಹೋಳಿಗೆಯನ್ನು ಮಾತ್ರ ಮನೆಗೆ ತಂದು ವಾರವಿಡೀ ತಿನ್ನುವುದು ಬೇಡ; ಪಕ್ಕದ ಹೊಲದವರಿಗೆ, ಆಳುಮಕ್ಕಳಿಗೆ ಅಲ್ಲಿಯೇ ಹಂಚಿ ಬಾ.